ಮಾರ್ಚ್ 23: ಒಂದು ದಿನಾಂಕದ ಅಧ್ಯಯನ

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳು ಕಾಲೇಜಿನ ಭಿತ್ತಿಪತ್ರಿಕೆಗಾಗಿ ‘ಇತಿಹಾಸದಲ್ಲಿ ಈ ದಿನ’ ಎಂಬ ಟಿಪ್ಪಣಿಯನ್ನು ಸಿದ್ಧಪಡಿಸುವುದುಂಟು. ಒಂದು ದಿನಾಂಕವನ್ನು ಮುಂದಿಟ್ಟುಕೊಂಡು, ಆ ದಿನ ಹುಟ್ಟಿದವರು, ಗತಿಸಿದವರು, ಅಂದು ನಡೆದ ಪ್ರಮುಖ ಘಟನೆಗಳು ಎಂದು ಪಟ್ಟಿಮಾಡುವುದು ಸುಲಭ. ಆದರೆ ಆ ಪಟ್ಟಿ ನಮಗೆ ಏನನ್ನು ತಿಳಿಸುತ್ತದೆ, ಏನನ್ನು ತಿಳಿಸಲಾರದು ಎಂಬುದನ್ನು ಅರಿಯುವುದು ಸಾಹಿತ್ಯಚರಿತ್ರೆಯ ವಿದ್ಯಾರ್ಥಿಗೆ ಅವಶ್ಯಕ. ಇದನ್ನು ವಿಚಾರಮಾಡಲು ಮಾರ್ಚ್ 23ನ್ನು ಇಲ್ಲಿ ಆರಿಸಿಕೊಂಡಿದೆ. ಕಾಸರಗೋಡಿನ ನೆಲದ ಕವಿ, ಸಂಶೋಧಕ ಮಂಜೇಶ್ವರ ಗೋವಿಂದ ಪೈಗಳು ಜನಿಸಿದ ದಿನವಿದು.

1. ದಿನದ ಪಟ್ಟಿ

ಮಾರ್ಚ್ 23ಕ್ಕೆ ಸಂಬಂಧಿಸಿದ ಕೆಲವು ಸಂಗತಿಗಳು ಹೀಗಿವೆ:

1749: ಫ್ರಾನ್ಸಿನ ಗಣಿತಜ್ಞ, ಖಗೋಳಶಾಸ್ತ್ರಜ್ಞ ಲಾಪ್ಲಾಸ್ ಜನನ.
1801: ರಷ್ಯಾದ ಚಕ್ರವರ್ತಿ ಒಂದನೆಯ ಪಾಲ್ ಹತ್ಯೆ.
1882: ಜರ್ಮನಿಯ ಗಣಿತಜ್ಞೆ ಎಮ್ಮಿ ನೋಥರ್ ಜನನ.
1883: ಎಂ. ಗೋವಿಂದ ಪೈ ಜನನ.
1910: ರಾಮಮನೋಹರ ಲೋಹಿಯಾ ಜನನ.
1931: ಭಗತ್ ಸಿಂಗ್, ರಾಜಗುರು, ಸುಖದೇವ್ ಇವರಿಗೆ ಲಾಹೋರಿನಲ್ಲಿ ಗಲ್ಲು.
1940: ಮುಸ್ಲಿಂ ಲೀಗಿನ ಲಾಹೋರ್ ನಿರ್ಣಯದ ಮಂಡನೆ.
1950: ವಿಶ್ವ ಹವಾಮಾನ ಸಂಸ್ಥೆಯ ಒಡಂಬಡಿಕೆ ಜಾರಿ.

ಈ ಎಂಟು ಸಂಗತಿಗಳನ್ನು ಒಂದೆಡೆ ತಂದದ್ದು ದಿನದರ್ಶಿಕೆ ಮಾತ್ರ. ಲಾಪ್ಲಾಸನಿಗೂ ಲೋಹಿಯಾ ಅವರಿಗೂ ಕಾರ್ಯಕಾರಣ ಸಂಬಂಧವಿಲ್ಲ. ಆದುದರಿಂದ ಪಟ್ಟಿಯ ಪ್ರತಿಯೊಂದು ಸಾಲನ್ನೂ ಬೇರೆ ಬೇರೆಯಾಗಿ ಪರಿಶೀಲಿಸಬೇಕು.

2. ದಿನಾಂಕವು ನಿಜವಾಗಿ ಯಾವುದು?

ಮೊದಲನೆಯ ಪ್ರಶ್ನೆ: ಯಾವ ಪಂಚಾಂಗದ ಪ್ರಕಾರ? ಪಾಲ್ ಚಕ್ರವರ್ತಿಯ ಹತ್ಯೆ ನಡೆದಾಗ ರಷ್ಯಾದಲ್ಲಿ ಹಳೆಯ ಜೂಲಿಯನ್ ಗಣನೆಯೇ ಬಳಕೆಯಲ್ಲಿತ್ತು. ಅಲ್ಲಿನ ಜನರಿಗೆ ಆ ದಿನ ಮಾರ್ಚ್ 11. ಹತ್ತೊಂಬತ್ತನೆಯ ಶತಮಾನದಲ್ಲಿ ಎರಡು ಗಣನೆಗಳ ನಡುವೆ 12 ದಿನಗಳ ಅಂತರವಿದ್ದುದರಿಂದ ಇಂದು ನಾವು ಅದನ್ನು ಮಾರ್ಚ್ 23 ಎಂದು ಬರೆಯುತ್ತೇವೆ.

ಎರಡನೆಯ ಪ್ರಶ್ನೆ: ನಿಗದಿಯಾದ ದಿನವೋ, ನಡೆದ ದಿನವೋ? ಭಗತ್ ಸಿಂಗ್ ಮತ್ತು ಅವರ ಇಬ್ಬರು ಸಂಗಾತಿಗಳನ್ನು ಗಲ್ಲಿಗೇರಿಸಲು ನಿಗದಿಯಾಗಿದ್ದುದು ಮಾರ್ಚ್ 24ರ ಬೆಳಗ್ಗೆ. ಜನರ ಪ್ರತಿಭಟನೆಗೆ ಅಂಜಿದ ಸರಕಾರವು ವಾಡಿಕೆಯನ್ನು ಮುರಿದು, ಹಿಂದಿನ ದಿನದ ಸಂಜೆಯೇ ಶಿಕ್ಷೆಯನ್ನು ಜಾರಿಗೊಳಿಸಿತು. ಇಪ್ಪತ್ತನಾಲ್ಕು ವರ್ಷ ಇನ್ನೂ ತುಂಬದ ಮೂವರ ದೇಹಗಳನ್ನು ಸೆರೆಮನೆಯಿಂದ ಗುಟ್ಟಾಗಿ ಸಾಗಿಸಿ, ಸಟ್ಲೆಜ್ ನದಿಯ ದಂಡೆಯ ಹುಸೇನಿವಾಲಾದಲ್ಲಿ ಸುಡಲಾಯಿತು. ಹಾಗಾಗಿ ಇಂದು ನಾವು ಹುತಾತ್ಮರನ್ನು 23ರಂದು ಸ್ಮರಿಸುವುದರಲ್ಲಿಯೇ ಆ ಸರಕಾರದ ಭಯದ ದಾಖಲೆಯೂ ಅಡಗಿದೆ.

ಮೂರನೆಯ ಪ್ರಶ್ನೆ: ಮಂಡಿಸಿದ ದಿನವೋ, ಅಂಗೀಕರಿಸಿದ ದಿನವೋ? ಅದೇ ಲಾಹೋರಿನಲ್ಲಿ ಒಂಬತ್ತು ವರ್ಷಗಳ ಬಳಿಕ ಮುಸ್ಲಿಂ ಲೀಗಿನ ಅಧಿವೇಶನದಲ್ಲಿ ಫಜಲುಲ್ ಹಕ್ ಅವರು ನಿರ್ಣಯವನ್ನು ಮಂಡಿಸಿದ್ದು 23ರಂದು. ಅಂಗೀಕಾರವಾದುದು 24ರಂದು. ಆದರೂ ಪಾಕಿಸ್ತಾನವು 23ನ್ನೇ ರಾಷ್ಟ್ರೀಯ ದಿನವಾಗಿ ಆಚರಿಸುತ್ತದೆ. 1956ರಲ್ಲಿ ತನ್ನ ಮೊದಲ ಸಂವಿಧಾನವನ್ನು ಜಾರಿಗೆ ತಂದುದೂ ಆ ದಿನವೇ. ಇಲ್ಲಿ ದಿನಾಂಕವು ಆಕಸ್ಮಿಕವಲ್ಲ, ಉದ್ದೇಶಪೂರ್ವಕವಾದ ಆಯ್ಕೆ.

3. ನಮ್ಮ ಕಾಲಗಣನೆಯ ತೊಡಕು

ಕನ್ನಡದ ಶಾಸನಗಳನ್ನು ಓದುವವರಿಗೆ ಈ ಪರಿಶೀಲನೆ ಹೊಸದಲ್ಲ. ಶಾಸನಗಳಲ್ಲಿ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳು ಬರುತ್ತವೆ. ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತಶಕ ದೊರೆಯುತ್ತದೆ ಎಂಬ ಸೂತ್ರವನ್ನು ನಾವು ತರಗತಿಯಲ್ಲಿ ಕಲಿಯುತ್ತೇವೆ. ಆದರೆ ಶಕವರ್ಷವು ಚೈತ್ರದಲ್ಲಿ ಆರಂಭವಾಗುತ್ತದೆ; ಜನವರಿಯಿಂದ ಯುಗಾದಿಯವರೆಗಿನ ದಿನಗಳಿಗೆ 79 ಕೂಡಿಸಬೇಕು.

ಮಾರ್ಚ್ 23 ಈ ಎರಡು ಲೆಕ್ಕಗಳ ಹೊಸ್ತಿಲಲ್ಲಿ ನಿಂತಿದೆ. 2012ರಲ್ಲಿ ಯುಗಾದಿಯು ಇದೇ ದಿನ ಬಂದಿತ್ತು. 2023ರ ಯುಗಾದಿ ಮಾರ್ಚ್ 22ರಂದು ಬಂದುದರಿಂದ ಮರುದಿನ ಶಕ 1945 ಆಗಲೇ ಆರಂಭವಾಗಿತ್ತು. 2024ರ ಯುಗಾದಿ ಏಪ್ರಿಲ್ 9ರಂದು ಬಂದುದರಿಂದ ಆ ವರ್ಷದ ಮಾರ್ಚ್ 23ರಂದೂ ಶಕ 1945ವೇ ನಡೆಯುತ್ತಿತ್ತು. ಒಂದೇ ದಿನಾಂಕಕ್ಕೆ ಒಮ್ಮೆ 78, ಒಮ್ಮೆ 79! ಶಾಸನದಲ್ಲಿ ಹೇಳಿದ ಶಕವರ್ಷವು ಕಳೆದುದೋ, ನಡೆಯುತ್ತಿರುವುದೋ ಎಂಬುದನ್ನೂ ನೋಡಬೇಕು. ಸಂವತ್ಸರ, ತಿಥಿ, ವಾರಗಳು ಪರಸ್ಪರ ಹೊಂದಿದಾಗ ಮಾತ್ರ ದಿನವು ಖಚಿತವಾಗುತ್ತದೆ.

ಇದರಿಂದ ಇನ್ನೊಂದು ಸಂಗತಿಯೂ ಹೊಳೆಯುತ್ತದೆ. ಪಂಪನು ದುಂದುಭಿ ಸಂವತ್ಸರದಲ್ಲಿ, ಎಂದರೆ ಕ್ರಿ.ಶ. 902ರಲ್ಲಿ ಹುಟ್ಟಿದನೆಂದು ಸಾಹಿತ್ಯಚರಿತ್ರೆ ಹೇಳುತ್ತದೆ. ಹುಟ್ಟಿದ ದಿನ ಮಾತ್ರ ನಮಗೆ ದೊರೆತಿಲ್ಲ. ಆದುದರಿಂದ ಆದಿಕವಿಯ ಹೆಸರು ಯಾವ ‘ಈ ದಿನ’ದ ಪಟ್ಟಿಯಲ್ಲಿಯೂ ಬಾರದು. ಬಸವಣ್ಣನವರ ಜಯಂತಿಯು ವೈಶಾಖ ಶುದ್ಧ ತದಿಗೆಯಂದು ಬರುವುದರಿಂದ ಇಂಗ್ಲಿಷ್ ದಿನಾಂಕವು ವರ್ಷವರ್ಷವೂ ಬದಲಾಗುತ್ತದೆ. ದಿನಾಂಕದ ಪಟ್ಟಿಗಳಲ್ಲಿ ಆಧುನಿಕರು ಹೆಚ್ಚು, ಪ್ರಾಚೀನರು ವಿರಳ. ಪಟ್ಟಿಯಲ್ಲಿ ಇಲ್ಲವೆಂದರೆ ಇತಿಹಾಸದಲ್ಲಿಯೇ ಇಲ್ಲವೆಂದು ಭಾವಿಸಬಾರದು.

4. ಒಂದು ದಿನದ ಕವಿ

ಇಂತಹ ಕಾಲನಿರ್ಣಯದ ಕಾರ್ಯಕ್ಕೆ ತಮ್ಮ ಬಾಳಿನ ಬಹುಭಾಗವನ್ನು ಸವೆಸಿದವರು ಗೋವಿಂದ ಪೈಗಳು. ಮಂಜೇಶ್ವರದಲ್ಲಿ ನೆಲೆಸಿದ ಅವರ ಮನೆಮಾತು ಕೊಂಕಣಿ. ಶಾಲೆಯಲ್ಲಿ ಅವರಿಗೆ ಪಾಠ ಹೇಳಿದವರಲ್ಲಿ ಪಂಜೆ ಮಂಗೇಶರಾಯರೂ ಒಬ್ಬರು. ತಂದೆಯ ಮರಣದಿಂದ ಮದರಾಸಿನ ಪದವಿ ವ್ಯಾಸಂಗ ನಿಂತುಹೋದರೂ ಊರಿನಲ್ಲಿಯೇ ಕುಳಿತು ಹಲವು ಭಾಷೆಗಳನ್ನು ಕಲಿತು, ಶಾಸನ, ತುಳುನಾಡಿನ ಚರಿತ್ರೆ, ಜೈನ ಬೌದ್ಧ ಕಾಲಗಣನೆಗಳಲ್ಲಿ ಸಂಶೋಧನೆ ನಡೆಸಿದರು. ಕನ್ನಡ ಕವಿತೆಯಲ್ಲಿ ಪ್ರಾಸದ ಕಟ್ಟನ್ನು ಬಿಟ್ಟು ಬರೆಯಲು ತೊಡಗಿದ ಮೊದಲಿಗರಲ್ಲಿಯೂ ಅವರ ಹೆಸರಿದೆ. 1949ರಲ್ಲಿ ಮದರಾಸು ಸರಕಾರವು ಅವರಿಗೆ ರಾಷ್ಟ್ರಕವಿ ಪದವಿಯನ್ನಿತ್ತಿತು. 1951ರಲ್ಲಿ ಮುಂಬಯಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು.

ಅವರ ಎರಡು ಪ್ರಸಿದ್ಧ ಖಂಡಕಾವ್ಯಗಳೂ ಮಹಾಪುರುಷರ ಬಾಳಿನ ಕೊನೆಯನ್ನು ಕುರಿತವು ಎಂಬುದು ಇಲ್ಲಿ ಗಮನಾರ್ಹ. ‘ಗೊಲ್ಗೊಥಾ’ ಯೇಸುವಿನ ಕೊನೆಯ ದಿನದ ಕಾವ್ಯ. ‘ವೈಶಾಖಿ’ ಬುದ್ಧನ ನಿರ್ವಾಣದ ಕಾವ್ಯ. ಬೌದ್ಧ ಸಂಪ್ರದಾಯದ ಪ್ರಕಾರ ಬುದ್ಧನ ಜನನ, ಬೋಧಿ, ಪರಿನಿರ್ವಾಣ ಮೂರೂ ಸಂಭವಿಸಿದುದು ವೈಶಾಖ ಪೂರ್ಣಿಮೆಯಂದೇ. ಹುಟ್ಟು, ಅರಿವು, ಸಾವುಗಳನ್ನು ಶ್ರದ್ಧೆಯು ಒಂದೇ ತಿಥಿಯಲ್ಲಿ ಕೂಡಿಸಿತು. ಸಂಶೋಧಕರಾಗಿ ತಿಥಿಯನ್ನು ತೂಗಿ ನೋಡಿದವರೇ ಕವಿಯಾಗಿ ಅಂತಹ ದಿನದ ಅರ್ಥಕ್ಕೆ ತಲೆಬಾಗಿದರು. ಪರಿಶೀಲನೆಗೂ ಭಾವಕ್ಕೂ ಅವರಲ್ಲಿ ಹಗೆತನವಿರಲಿಲ್ಲ.

ಅವರ ಜನನ, ಮರಣಗಳ ನಡುವಿನ ಭೂಪಟವನ್ನೂ ನೋಡಬೇಕು. 1883ರಲ್ಲಿ ಮಂಗಳೂರು, ಮಂಜೇಶ್ವರಗಳೆರಡೂ ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. 1963ರ ಸೆಪ್ಟೆಂಬರ್ 6ರಂದು ಅವರು ನಿಧನರಾದಾಗ ಮಂಗಳೂರು ಮೈಸೂರು ರಾಜ್ಯದಲ್ಲಿತ್ತು, ಮಂಜೇಶ್ವರ ಕೇರಳದಲ್ಲಿತ್ತು. 1956ರ ನವೆಂಬರ್ 1ರಂದು ಮನೆ ಇದ್ದಲ್ಲಿಯೇ ಇತ್ತು, ಗಡಿ ಮಾತ್ರ ಸರಿಯಿತು. ಹುಸೇನಿವಾಲಾದ ಕಥೆಯೂ ಬೇರೆಯಲ್ಲ. ದೇಶವಿಭಜನೆಯಲ್ಲಿ ಪಾಕಿಸ್ತಾನಕ್ಕೆ ಸೇರಿದ್ದ ಆ ನೆಲ 1961ರ ವಿನಿಮಯದಲ್ಲಿ ಭಾರತಕ್ಕೆ ಮರಳಿತು.

5. ಸ್ಮರಣೆ ಕಟ್ಟುವ ಸಂಬಂಧ

ಹಾಗಾದರೆ ದಿನಾಂಕದ ಹೊಂದಾಣಿಕೆಗೆ ಅರ್ಥವೇ ಇಲ್ಲವೆ? ಲೋಹಿಯಾ ಅವರ ಉದಾಹರಣೆ ಉತ್ತರ ಕೊಡುತ್ತದೆ. 1931ರ ಆ ದಿನ ಅವರಿಗೆ 21 ತುಂಬಿತು; ಆಗ ಅವರು ಬರ್ಲಿನ್ನಿನಲ್ಲಿ ವಿದ್ಯಾರ್ಥಿ. ಭಗತ್ ಸಿಂಗ್ ಬಲಿದಾನದ ದಿನವೆಂಬ ಕಾರಣದಿಂದ ಅವರು ಮುಂದೆ ತಮ್ಮ ಹುಟ್ಟುಹಬ್ಬವನ್ನು ಆಚರಿಸಲೊಲ್ಲದಾದರೆಂಬುದು ಪ್ರಸಿದ್ಧ. ಹುಟ್ಟಿದ ದಿನ ಆಕಸ್ಮಿಕ. ಅದನ್ನು ಬಿಟ್ಟುಕೊಟ್ಟದ್ದು ಆಕಸ್ಮಿಕವಲ್ಲ. 1951ರ ಕಾಗೋಡು ರೈತ ಸತ್ಯಾಗ್ರಹಕ್ಕೆ ಬಂದು ಬಂಧಿತರಾದ ಈ ಚಿಂತಕರು ಶಾಂತವೇರಿ ಗೋಪಾಲಗೌಡ, ಯು.ಆರ್. ಅನಂತಮೂರ್ತಿ, ಪಿ. ಲಂಕೇಶ್, ಪೂರ್ಣಚಂದ್ರ ತೇಜಸ್ವಿ ಮೊದಲಾದವರ ಮೇಲೆ ಬೀರಿದ ಪ್ರಭಾವವನ್ನು ನವ್ಯೋತ್ತರ ಸಾಹಿತ್ಯದ ವಿದ್ಯಾರ್ಥಿಗಳು ಬಲ್ಲರು.

ದಿನದರ್ಶಿಕೆಯು ಸಂಗತಿಗಳನ್ನು ಪಕ್ಕಪಕ್ಕದಲ್ಲಿ ಇರಿಸುತ್ತದೆ, ಅಷ್ಟೆ. ಅವುಗಳ ನಡುವೆ ಸಂಬಂಧವನ್ನು ಕಟ್ಟುವವರು ನೆನೆಯುವ ಜನರು. ದೇಶವೆಲ್ಲ ಹುತಾತ್ಮರನ್ನು ಸ್ಮರಿಸುವ ದಿನದಂದು ಮಂಜೇಶ್ವರದ ಕವಿಯ ಹೆಸರನ್ನೂ ಉಚ್ಚರಿಸುವ ಹೊಣೆ ಗಡಿನಾಡಿನ ಕನ್ನಡ ವಿದ್ಯಾರ್ಥಿಗಳದು. ಬೇರೊಬ್ಬರು ಸಿದ್ಧಪಡಿಸಿದ ಪಟ್ಟಿಯಲ್ಲಿ ಆ ಹೆಸರು ತಪ್ಪಿಹೋಗಬಹುದು. ನಮ್ಮ ಪಟ್ಟಿಯಲ್ಲಿ ತಪ್ಪಬಾರದು.

ಅಭ್ಯಾಸ

1. ನಿಮ್ಮ ಊರಿನ ಅಥವಾ ಪ್ರದೇಶದ ಒಬ್ಬ ಕನ್ನಡ ಲೇಖಕರ ಜನ್ಮದಿನವನ್ನು ಆರಿಸಿ, ಅದೇ ದಿನದ ಐದು ಸಂಗತಿಗಳನ್ನು ಸಂಗ್ರಹಿಸಿರಿ. ಪ್ರತಿಯೊಂದರ ಮುಂದೆಯೂ ಪಂಚಾಂಗ ಯಾವುದು, ದಿನಾಂಕ ಖಚಿತವೆ ಎಂಬುದನ್ನು ಬರೆಯಿರಿ.
2. ತಿಥಿ, ವಾರಗಳನ್ನು ಹೇಳುವ ಒಂದು ಶಾಸನವನ್ನು ಓದಿ, ಅದರ ಶಕವರ್ಷಕ್ಕೆ 78 ಕೂಡಿಸಬೇಕೋ, 79 ಕೂಡಿಸಬೇಕೋ ಎಂಬುದನ್ನು ಕಾರಣಸಹಿತ ತಿಳಿಸಿರಿ.
3. ‘ಗೊಲ್ಗೊಥಾ’ ಮತ್ತು ‘ವೈಶಾಖಿ’ಗಳಲ್ಲಿ ಕಾಲದ ನಿರ್ವಹಣೆಯನ್ನು ಹೋಲಿಸಿ ಚರ್ಚಿಸಿರಿ.