ಲೈನ್ ಮನೆಗೆ ಯಾವ ಆಸ್ಪತ್ರೆ ಹತ್ತಿರ?

ಪ್ರಶ್ನೆ: ಉಪಕೇಂದ್ರ, ಪ್ರಾಥಮಿಕ ಆರೋಗ್ಯ ಕೇಂದ್ರ, ಸಮುದಾಯ ಆರೋಗ್ಯ ಕೇಂದ್ರ ಅಂತ ಇಷ್ಟೊಂದು ಬೋರ್ಡುಗಳಿವೆ. ನಮ್ಮ ಹೆತ್ತೂರು ಕಡೆ ತೋಟದ ಕೂಲಿಯವರಿಗೆ ಇವುಗಳಲ್ಲಿ ಯಾವುದು ನಿಜಕ್ಕೂ ಒದಗುತ್ತದೆ?

ಉತ್ತರ: ಎಲ್ಲಕ್ಕಿಂತ ಚಿಕ್ಕ ಬೋರ್ಡಿನದು, ಉಪಕೇಂದ್ರ.

ಸರ್ಕಾರದ ಲೆಕ್ಕದ ಪ್ರಕಾರ ಬಯಲುಸೀಮೆಯಲ್ಲಿ 5,000 ಜನಕ್ಕೊಂದು ಉಪಕೇಂದ್ರವಾದರೆ ಗುಡ್ಡಗಾಡಿನಲ್ಲಿ 3,000ಕ್ಕೊಂದು. ಪ್ರಾಥಮಿಕ ಕೇಂದ್ರಕ್ಕೆ 30,000ದ ಬದಲು 20,000. ತಜ್ಞ ವೈದ್ಯರಿರಬೇಕಾದ 30 ಹಾಸಿಗೆಯ ಸಮುದಾಯ ಕೇಂದ್ರಕ್ಕೆ 1,20,000ದ ಬದಲು 80,000. 2011ರ ಜನಗಣತಿಯಲ್ಲಿ ಪಕ್ಕದ ಆಲೂರು ತಾಲ್ಲೂಕಿನ ಇಡೀ ಜನ ಲಕ್ಷ ಮುಟ್ಟಿರಲಿಲ್ಲ. ಅಲ್ಲಿಗೆ ಒಂದು ಸಮುದಾಯ ಕೇಂದ್ರವಾದರೆ ಕಾಗದದ ಲೆಕ್ಕ ಚುಕ್ತಾ. ತಲೆ ಎಣಿಸುವ ಈ ಲೆಕ್ಕಕ್ಕೆ ಆಷಾಢದ ರಸ್ತೆಯೂ ಗೊತ್ತಿಲ್ಲ, ಸಂಜೆ ದಾರಿಗಡ್ಡ ನಿಲ್ಲುವ ಆನೆಯೂ ಗೊತ್ತಿಲ್ಲ.

ಔಷಧಿ ಬಿಟ್ಟಿಯೇ. ಆದರೆ ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಆಸ್ಪತ್ರೆಗೆ ಹೋದರೆ ಆ ದಿನದ ಹಾಜರಿ ಹೋಯಿತು. 1951ರ ತೋಟ ಕಾರ್ಮಿಕರ ಕಾಯ್ದೆ ಚಿಕಿತ್ಸೆಯ ಹೊಣೆಯನ್ನು ದೊಡ್ಡ ತೋಟದ ಮಾಲೀಕರ ಮೇಲೆ ಹೊರಿಸಿತು; ನಮ್ಮಲ್ಲಿ ಹೆಚ್ಚಿನವು ಸಣ್ಣ ಹಿಡುವಳಿಗಳು.

ಹಾಗಾಗಿ ಆಸ್ಪತ್ರೆಯೇ ಕೂಲಿಯವರ ಲೈನ್ ಮನೆಗಳಿಗೆ ಬರಬೇಕು. ಗುರುವಾರ ಲಸಿಕೆಯ ದಿನ ನೋಡಿ. ಉಪಕೇಂದ್ರದ ಸಿಸ್ಟರ್ ಹೆಗಲಿಗೆ ನೀಲಿ ಡಬ್ಬ, ಒಳಗೆ ನಾಲ್ಕು ಐಸ್ ಪ್ಯಾಕ್, ನಡುವೆ ಲಸಿಕೆ. (ಇವರ ಹುದ್ದೆಗೆ ಈಗ ‘ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ’ ಎಂದು ಉದ್ದದ ಹೆಸರು, ಲೈನಿನಲ್ಲಿ ಇಂದಿಗೂ ಸಿಸ್ಟರ್ರೇ.) ದಡಾರದ ಲಸಿಕೆಯ ಪುಡಿಗೆ ನೀರು ಬೆರೆಸಿದರೆ ನಾಲ್ಕು ಗಂಟೆಯೊಳಗೆ ಮುಗಿಸಬೇಕು, ಉಳಿದದ್ದು ಚೆಲ್ಲಬೇಕು. ಊರಿನಲ್ಲಾದರೆ ಮಕ್ಕಳು ಸಾಲು ನಿಲ್ಲುತ್ತಾರೆ. ಇಲ್ಲಿ ಒಂದು ಲೈನಿನಲ್ಲಿ ಎರಡು ಮಗು, ಗುಡ್ಡದಾಚೆ ಇನ್ನೊಂದು. ಅಷ್ಟನ್ನೂ ಮೊದಲೇ ಪಟ್ಟಿ ಮಾಡಿ, ತಾಯಂದಿರನ್ನು ಕರೆತಂದು ಕೂರಿಸುವವರು ಆಶಾ ಕಾರ್ಯಕರ್ತೆಯರು. ಈ ವ್ಯವಸ್ಥೆ ನಿಂತಿರುವುದು ಡಾಕ್ಟರರಿಗಿಂತ ಹೆಚ್ಚಾಗಿ ಇವರ ನಡಿಗೆಯ ಮೇಲೆ ಎನ್ನುವುದು ನನ್ನ ಅಭಿಪ್ರಾಯ.

ಕಷ್ಟದ ಹೆರಿಗೆ, ಹಾವಿನ ಕಡಿತ ಎಂದಾಗ ಮಾತು ಬೇರೆ. 2008ರಿಂದ 108 ಆಂಬುಲೆನ್ಸ್ ಇದೆ. ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆ, ಅಲ್ಲಿ ಆಗದಿದ್ದರೆ ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆ ಹಿಮ್ಸ್. ಫೋನಿಗೆ ಸಿಗ್ನಲ್ ಸಿಗುವ ದಿಣ್ಣೆ ಯಾವುದೆಂದು ಲೈನಿನವರಿಗೆ ಗೊತ್ತಿರಬೇಕು, ಅಷ್ಟೆ.

ನಿಮ್ಮ ತೋಟಕ್ಕೆ ಅಸ್ಸಾಮಿನ ಕಡೆಯವರು ಬಂದಿದ್ದರೆ, ಮಕ್ಕಳಿದ್ದಾರೆಂದು ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಆಶಾಗೆ ಒಂದು ಮಾತು ಹೇಳಿಸಿ. ಕಾರ್ಡು ಯಾವ ರಾಜ್ಯದ್ದಾದರೂ ಲಸಿಕೆ ಹಾಕುತ್ತಾರೆ, ಇಲ್ಲದಿದ್ದರೂ ಹಾಕುತ್ತಾರೆ.