ದುಡಿಮೆಯ ಸ್ಥಳದಲ್ಲಿ ಸುರಕ್ಷತೆ : ಮಾಲಕರ ಹೊಣೆ, ಕೆಲಸಗಾರರ ಹಕ್ಕು



ನಮ್ಮ ಸೊಲ್ಲಾಪುರವು ಮಗ್ಗಗಳ ಊರು. 1877ರಲ್ಲಿ ಇಲ್ಲಿ ಮೊದಲನೆಯ ನೂಲಿನ ಗಿರಣಿಯು ಸ್ಥಾಪಿತವಾದಂದಿನಿಂದ ಕನ್ನಡ, ತೆಲುಗು, ಮರಾಠಿ ನುಡಿಯುವ ಎಷ್ಟೋ ಮನೆತನಗಳು ಗಿರಣಿಯ ಭೋಂಗಾದ ಸದ್ದಿಗೆ ಎದ್ದು, ದುಡಿದು, ಬಾಳಿದವು. ಆ ಹಳೆಯ ದೊಡ್ಡ ಗಿರಣಿಗಳು ಮುಚ್ಚಿಹೋಗಿವೆ. ಆದರೆ ಚಾದರ, ಟಾವೆಲುಗಳನ್ನು ನೇಯುವ ವಿದ್ಯುತ್ ಮಗ್ಗಗಳ ಸದ್ದು ಇನ್ನೂ ನಿಂತಿಲ್ಲ. ನಮ್ಮ ಶಾಲೆಯ ಹಲವು ಮಕ್ಕಳ ತಂದೆತಾಯಿಗಳು ಆ ಮಗ್ಗಗಳನ್ನೇ ನಂಬಿ ಸಂಸಾರ ಸಾಗಿಸುತ್ತಾರೆ.

ಕಳೆದ ಜೂನಿನಲ್ಲಿ ಪಾಲಕರೊಬ್ಬರು ಮಗನ ಹೆಸರನ್ನು ಶಾಲೆಗೆ ಹಚ್ಚಲು ಬಂದರು. ಸಹಿ ಮಾಡಲು ಲೇಖನಿಯನ್ನು ಎಡಗೈಯಲ್ಲಿ ಹಿಡಿದರು. ಬಲಗೈಯ ಎರಡು ಬೆರಳುಗಳು ಇರಲಿಲ್ಲ. ಮಗ್ಗದ ಪಟ್ಟದ ಮೇಲಿನ ಕಬ್ಬಿಣದ ಜಾಳಿಗೆಯನ್ನು ಯಾರೋ ಬಿಚ್ಚಿಟ್ಟಿದ್ದರಂತೆ. ಮಗ್ಗ ನಡೆಯುತ್ತಿರುವಾಗಲೇ ಅಂಟಿದ ನೂಲನ್ನು ತೆಗೆಯಹೋಗಿ ಕೈ ಸಿಕ್ಕಿಬಿದ್ದಿತಂತೆ. “ಏನ್ ಮಾಡೂದರೀ ಗುರುಗಳ, ನಮ್ಮ ಹಣೆಬರಾ” ಎಂದು ಅವರು ನಕ್ಕರು. ಪಕ್ಕದಲ್ಲಿ ನಿಂತ ಬಾಲಕನು ನಗಲಿಲ್ಲ.

ಅದು ನಿಜವಾಗಿಯೂ ಹಣೆಬರಹವೇ? ಜಾಳಿಗೆ ಇದ್ದಲ್ಲಿ ಇದ್ದಿದ್ದರೆ ಬೆರಳೂ ಇದ್ದಲ್ಲಿ ಇರುತ್ತಿತ್ತಲ್ಲವೇ? ಈ ಪ್ರಶ್ನೆಗೆ ಕಾನೂನು ಕೊಡುವ ಉತ್ತರವೇ ಇಂದಿನ ಪಾಠ.

ಕಾನೂನಿನ ಪೂರ್ವೇತಿಹಾಸ

ಭಾರತದಲ್ಲಿ ಕಾರ್ಖಾನೆಗಳಿಗಾಗಿ ಮೊದಲ ಕಾಯಿದೆಯಾದದ್ದು 1881ರಲ್ಲಿ. ನೂರು ಜನರಿಗಿಂತ ಕಡಿಮೆ ಜನ ದುಡಿಯುವ ಕಾರ್ಖಾನೆಗಳಿಗೆ ಅದು ಅನ್ವಯಿಸುತ್ತಿರಲಿಲ್ಲ. ಅಪಾಯಕರ ಯಂತ್ರಗಳಿಗೆ ಬೇಲಿ ಇರಬೇಕೆಂದು ಅದು ವಿಧಿಸಿತು. ಆದರೆ ಅದೇ ಕಾಯಿದೆಯು ಏಳು ವರ್ಷದ ಮಗುವನ್ನು ದಿನಕ್ಕೆ ಒಂಬತ್ತು ತಾಸು ದುಡಿಸಲು ಅನುಮತಿಯನ್ನೂ ಕೊಟ್ಟಿತ್ತು. ಬಾಲಕರೇ, ನಿಮ್ಮಲ್ಲಿ ಎರಡನೆಯ ಇಯತ್ತೆಯಲ್ಲಿ ಕುಳಿತವರ ವಯಸ್ಸೇ ಅದು!

1884ರಲ್ಲಿ ಮುಂಬಯಿಯಲ್ಲಿ ನಾರಾಯಣ ಮೇಘಾಜಿ ಲೋಖಂಡೆ ಎಂಬವರು ಗಿರಣಿಯ ಕೆಲಸಗಾರರನ್ನು ಸಭೆ ಸೇರಿಸಿದರು. ವಾರಕ್ಕೊಂದು ದಿನ ಬಿಡುವು, ನಡುಹಗಲಲ್ಲಿ ಅರ್ಧ ತಾಸು ವಿಶ್ರಾಂತಿ ಬೇಕೆಂದು ಅಲ್ಲಿ ಬೇಡಿಕೆಯಿಟ್ಟರು. ಕೆಲಸದಲ್ಲಿ ಗಾಯಗೊಂಡವನಿಗೆ ಗುಣವಾಗುವವರೆಗೆ ವೇತನ ಸಿಗಬೇಕು, ಶಾಶ್ವತವಾಗಿ ಅಂಗಹೀನನಾದರೆ ಅವನ ಜೀವನಕ್ಕೆ ಏರ್ಪಾಡಾಗಬೇಕು ಎಂಬುದೂ ಆ ಬೇಡಿಕೆಗಳಲ್ಲಿ ಒಂದು. ವಾರದ ರಜೆಯು 1891ರ ಕಾಯಿದೆಯಲ್ಲಿ ಸೇರಿತು. ಇಂದು ನಾವು ಸಹಜವೆಂದು ಅನುಭವಿಸುವ ರಜೆಯ ಹಿಂದೆ ಇಂಥ ಪ್ರಯತ್ನವಿದೆಯೆಂಬುದನ್ನು ಮರೆಯಲಾಗದು.

ಸ್ವಾತಂತ್ರ್ಯಾನಂತರ 1948ರ ಕಾರ್ಖಾನೆ ಕಾಯಿದೆಯು ಬಂದಿತು. ವಯಸ್ಕರ ದುಡಿಮೆಯನ್ನು ಅದು ವಾರಕ್ಕೆ 48 ತಾಸುಗಳಿಗೆ ಮಿತಗೊಳಿಸಿತು. ನಮ್ಮ ಸಂವಿಧಾನದ 24ನೆಯ ಅನುಚ್ಛೇದವು ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಕಾರ್ಖಾನೆ, ಗಣಿಗಳಲ್ಲಿ ನೇಮಿಸುವುದನ್ನು ನಿಷೇಧಿಸಿತು. 1984ರ ಡಿಸೆಂಬರ್ 2-3ರ ರಾತ್ರಿ ಭೋಪಾಳದ ಕೀಟನಾಶಕ ಕಾರ್ಖಾನೆಯಿಂದ ವಿಷಾನಿಲವು ಸೋರಿ, ಸಾವಿರಾರು ಜನರು ಮೃತ್ಯುವಶರಾದರು. ಆ ದುರಂತದ ಬಳಿಕ 1987ರಲ್ಲಿ ಕಾಯಿದೆಯನ್ನು ತಿದ್ದಿ, ಸಮೀಪಿಸಿದ ಅಪಾಯವನ್ನು ಎತ್ತಿ ಹೇಳುವ ಹಕ್ಕನ್ನು ಕೆಲಸಗಾರರಿಗೆ ಕೊಡಲಾಯಿತು.

ಈಗ ಆ ಹಳೆಯ ಕಾಯಿದೆಯ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಪರಿಸ್ಥಿತಿಗಳ ಸಂಹಿತೆ, 2020 ಎಂಬುದಿದೆ. ಇದು 2025ರ ನವೆಂಬರ್ 21ರಂದು ಜಾರಿಗೆ ಬಂದಿತು.

ಮಾಲಕರ ಹೊಣೆ

ಹತ್ತು ಅಥವಾ ಹೆಚ್ಚು ಕೆಲಸಗಾರರಿರುವ ಉದ್ಯಮದ ಮಾಲಕರ ಮೇಲೆ ಈ ಸಂಹಿತೆಯು ಹೊರಿಸಿದ ಮುಖ್ಯ ಹೊಣೆಗಳು ಇವು :

1. ಗಾಯವನ್ನೋ ಔದ್ಯೋಗಿಕ ರೋಗವನ್ನೋ ತರಬಲ್ಲ ಅಪಾಯಗಳು ಕೆಲಸದ ಸ್ಥಳದಲ್ಲಿ ಇರದಂತೆ ನೋಡಿಕೊಳ್ಳತಕ್ಕದ್ದು.
2. ನಿಯಮದಲ್ಲಿ ಹೇಳಿದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆ ಮಾಡಿಸತಕ್ಕದ್ದು.
3. ಕೆಲಸಗಾರನಿಗೆ ನೇಮಕಾತಿ ಪತ್ರವನ್ನು ಕೊಡತಕ್ಕದ್ದು.
4. ಸುರಕ್ಷತೆಯ ಸಾಧನಗಳಿಗೆಂದಾಗಲಿ, ವೈದ್ಯಕೀಯ ಪರೀಕ್ಷೆಗೆಂದಾಗಲಿ ಕೆಲಸಗಾರನಿಂದ ಹಣ ತೆಗೆದುಕೊಳ್ಳಕೂಡದು.

ಕರ್ತವ್ಯವನ್ನು ಉಲ್ಲಂಘಿಸಿದ್ದರಿಂದ ಸಾವು ಸಂಭವಿಸಿದರೆ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ ಐದು ಲಕ್ಷ ರೂಪಾಯಿಗಳಿಗೆ ಕಡಿಮೆಯಿಲ್ಲದ ದಂಡ, ಅಥವಾ ಎರಡನ್ನೂ ವಿಧಿಸಬಹುದು. ಆ ದಂಡದಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದ ಭಾಗವನ್ನು ಮೃತನ ವಾರಸುದಾರರಿಗೆ ಕೊಡಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ.

ಕೆಲಸಗಾರರ ಕರ್ತವ್ಯ ಮತ್ತು ಹಕ್ಕು

ಒಂದು ಕೈಯಿಂದ ಚಪ್ಪಾಳೆಯಾಗದು. ಕೆಲಸಗಾರನೂ ತನ್ನ ಮತ್ತು ತನ್ನ ಜೊತೆಗಾರರ ಸುರಕ್ಷತೆಯ ಬಗೆಗೆ ಎಚ್ಚರ ವಹಿಸಬೇಕೆಂದು ಕಾನೂನು ಹೇಳುತ್ತದೆ. ಸುರಕ್ಷತೆಗಾಗಿ ಇಟ್ಟ ಸಾಧನವನ್ನು ಬೇಕೆಂದೇ ಕೆಡಿಸುವುದು ತಪ್ಪು. “ಜಾಳಿಗೆ ಇದ್ದರೆ ಕೆಲಸ ತಡವಾಗುತ್ತದೆ” ಎಂದು ಅದನ್ನು ಬಿಚ್ಚಿಡುವವನು ಮುಂದಿನ ಪಾಳಿಯಲ್ಲಿ ಬರುವ ತನ್ನ ಗೆಳೆಯನ ಕೈಯನ್ನು ಪಣಕ್ಕೆ ಒಡ್ಡುತ್ತಾನೆ.

ಕರ್ತವ್ಯದೊಡನೆ ಹಕ್ಕೂ ಇದೆ. ತನ್ನ ಆರೋಗ್ಯ ಮತ್ತು ಸುರಕ್ಷತೆಗೆ ಸಂಬಂಧಿಸಿದ ಮಾಹಿತಿಯನ್ನು ಮಾಲಕನಿಂದ ಕೇಳುವ ಹಕ್ಕು ಕೆಲಸಗಾರನಿಗುಂಟು. ಜೀವಕ್ಕೋ ದೇಹಕ್ಕೋ ಗಂಡಾಂತರವು ಸಮೀಪಿಸಿದೆಯೆಂದು ಸಕಾರಣವಾಗಿ ತೋರಿದರೆ, ಅದನ್ನು ಮಾಲಕನಿಗೂ ಸರಕಾರದ ನಿರೀಕ್ಷಕನಿಗೂ ಏಕಕಾಲಕ್ಕೆ ತಿಳಿಸಬಹುದು. ಮಾಲಕನಿಗೆ ಅದು ಮನವರಿಕೆಯಾದರೆ ಕೂಡಲೇ ಪರಿಹಾರ ಮಾಡತಕ್ಕದ್ದು. ಮನವರಿಕೆಯಾಗದಿದ್ದರೆ ವಿಷಯವನ್ನು ನಿರೀಕ್ಷಕನಿಗೆ ಒಪ್ಪಿಸತಕ್ಕದ್ದು. ಬೆರಳು ಹೋದ ಮೇಲೆ ಅರ್ಜಿ ಬರೆಯುವುದಕ್ಕಿಂತ, ಹೋಗುವ ಮೊದಲೇ ಬಾಯಿ ತೆರೆಯುವುದು ಮೇಲು. ಈ ಕಾನೂನಿನ ಜೀವಾಳವೇ ಅದು.

ಕಣ್ಣಿಗೆ ಕಾಣದ ಅಪಾಯ

ಎಲ್ಲ ಗಾಯಗಳಿಂದಲೂ ರಕ್ತ ಸುರಿಯುವುದಿಲ್ಲ. ಅರಳೆಯ ಸಣ್ಣ ಧೂಳನ್ನು ವರ್ಷಾನುಗಟ್ಟಲೆ ಉಸಿರಾಡುವವರಿಗೆ ಬಿಸಿನೋಸಿಸ್ ಎಂಬ ಶ್ವಾಸಕೋಶದ ರೋಗ ಬರಬಹುದು. ವಾರದ ರಜೆ ಮುಗಿಸಿ ಕೆಲಸಕ್ಕೆ ಹೋದ ಮೊದಲ ದಿನ ಎದೆ ಬಿಗಿಯುವುದು, ಕೆಮ್ಮು, ಉಬ್ಬಸ ಇವು ಅದರ ಮೊದಲ ಲಕ್ಷಣಗಳು. ಆಗಲೇ ವೈದ್ಯರಿಗೆ ತೋರಿಸಿ, ಧೂಳಿನಿಂದ ದೂರವಾದರೆ ಗುಣವಾಗುವ ಸಂಭವ ಹೆಚ್ಚು. ಅಲಕ್ಷಿಸಿದರೆ ಉಸಿರಾಟದ ತೊಂದರೆ ಶಾಶ್ವತವಾಗಿ ನಿಲ್ಲುತ್ತದೆ. ಹಾಗೆಯೇ ಮಗ್ಗಗಳ ನಿರಂತರ ಸದ್ದು ಒಳಕಿವಿಯ ಸೂಕ್ಷ್ಮ ಕೋಶಗಳನ್ನು ನಾಶಮಾಡುತ್ತದೆ. ಅವು ಮತ್ತೆ ಹುಟ್ಟುವುದಿಲ್ಲ. ಅಪ್ಪ ಮನೆಯಲ್ಲಿ ದೊಡ್ಡ ದನಿಯಲ್ಲಿ ಮಾತನಾಡಿದರೆ ಅದು ಸಿಟ್ಟೆಂದು ತಿಳಿಯಬೇಡಿರಿ, ಕಿವಿ ಮಂದವಾಗಿರಬಹುದು. ಈ ಎರಡೂ ರೋಗಗಳು ಕಾನೂನಿನ ಪಟ್ಟಿಯಲ್ಲಿವೆ. ಕಂಡುಬಂದರೆ ಅಧಿಕಾರಿಗಳಿಗೆ ತಿಳಿಸಲೇಬೇಕು.

ಕಾನೂನಿನ ಕೈಗೆ ಎಟುಕದಲ್ಲಿ

ಹೊಲಿಗೆಗೆ ಇಬ್ಬರು, ಮಗ್ಗಕ್ಕೆ ನಾಲ್ವರು ಎಂಬಂತೆ ಮನೆಯ ಪಡಸಾಲೆಯಲ್ಲಿಯೇ ನಡೆಯುವ ಉದ್ಯೋಗಗಳು ನಮ್ಮಲ್ಲಿ ಹೇರಳ. ಹತ್ತು ಜನರಿಲ್ಲದ ಇಂಥ ಸ್ಥಳಗಳಿಗೆ ಈ ಸಂಹಿತೆಯು ಸಾಮಾನ್ಯವಾಗಿ ಅನ್ವಯಿಸದು. ಸರಕಾರವು ಅಪಾಯಕರವೆಂದು ಘೋಷಿಸಿದ ಕೆಲಸಗಳಿಗೆ ಮಾತ್ರ ಒಬ್ಬನೇ ಕೆಲಸಗಾರನಿದ್ದರೂ ಅನ್ವಯಿಸಬಹುದು. ಆದರೆ ಪಟ್ಟವು ಜನರನ್ನು ಎಣಿಸಿ ಕೈ ಹಿಡಿಯುವುದಿಲ್ಲ. ಅಲ್ಲಿ ಮನೆಯ ಯಜಮಾನನೇ ಮಾಲಕ, ಅವನ ವಿವೇಕವೇ ಕಾನೂನು.

ಆದುದರಿಂದ ಪಾಲಕರಲ್ಲಿ ನನ್ನ ವಿನಂತಿ : ನೂಲು ಬಿಡಿಸುವ ಮುನ್ನ ಮಗ್ಗವನ್ನು ನಿಲ್ಲಿಸಿರಿ. ಬಿಚ್ಚಿದ ಜಾಳಿಗೆಯನ್ನು ಹಚ್ಚಿದ ಮೇಲೆಯೇ ಗುಂಡಿ ಒತ್ತಿರಿ. ಸೆರಗು, ಧೋತರದ ಚುಂಗು ಜೋತಾಡದಿರಲಿ. ಮೂಗಿಗೆ ಮುಖಗವಸು, ಕಿವಿಗೆ ಬಿರಡೆ ಇರಲಿ. ಬುತ್ತಿ ಕೊಡಲು ಬಂದ ಮಗುವನ್ನು ನಡೆಯುವ ಮಗ್ಗದ ಬಳಿ ನಿಲ್ಲಿಸಬೇಡಿರಿ. ವಿದ್ಯಾರ್ಥಿಗಳೇ, ನೀವು ಈ ಪಾಠವನ್ನು ಮನೆಯಲ್ಲಿ ಗಟ್ಟಿಯಾಗಿ ಓದಿ ಹೇಳಿರಿ.

ಆ ಪಾಲಕರ ಮಗನು ಈಗ ನಮ್ಮ ಐದನೆಯ ಇಯತ್ತೆಯಲ್ಲಿದ್ದಾನೆ. ಅವನ ಅಕ್ಷರ ದುಂಡಾಗಿದೆ. ಆ ಹತ್ತು ಬೆರಳುಗಳೂ ಅವನ ಮುಪ್ಪಿನವರೆಗೆ ಹತ್ತಾಗಿಯೇ ಉಳಿಯಲಿ. ಅದನ್ನು ಹಣೆಬರಹಕ್ಕೆ ಬಿಡದೆ ನಾವೆಲ್ಲರೂ ಕಾಯೋಣ.

ಅಭ್ಯಾಸ

1. 1881ರ ಕಾಯಿದೆಯಲ್ಲಿದ್ದ ಒಂದು ಒಳ್ಳೆಯ ಅಂಶವನ್ನೂ ಒಂದು ಕೊರತೆಯನ್ನೂ ಬರೆಯಿರಿ.
2. ಅಪಾಯವು ಸಮೀಪಿಸಿದಾಗ ಕೆಲಸಗಾರನು ಯಾರಿಗೆ ತಿಳಿಸಬೇಕು?
3. ನಿಮ್ಮ ಮನೆಯವರು ದುಡಿಯುವ ಸ್ಥಳದಲ್ಲಿರುವ ಮೂರು ಅಪಾಯಗಳನ್ನು ಅವರಿಂದಲೇ ಕೇಳಿ ತಿಳಿದು, ಪ್ರತಿಯೊಂದಕ್ಕೂ ಉಪಾಯವನ್ನು ಬರೆಯಿರಿ.