‘ಬರಿಯ ಎದೆಹಾಲು’ ಎಂದರೆ ಏನು?

ನವಲಗುಂದ ತಾಲ್ಲೂಕಿನ ತಿರ್ಲಾಪುರದಂಥ ಊರಿನಲ್ಲಿ ನಾಲ್ಕು ತಿಂಗಳ ಕೂಸಿನ ತಾಯಿಯನ್ನು, “ಮಗುವಿಗೆ ಏನು ಕೊಡುತ್ತೀಯವ್ವಾ?” ಎಂದು ಕೇಳಿದರೆ, “ಬರೇ ಎದಿಹಾಲರೀ” ಎಂಬ ಉತ್ತರ ಬರಬಹುದು. ಮಾತು ಬೆಳೆದಂತೆ, ಬೇಸಗೆಯೆಂದು ಕುಡಿಸಿದ ಎರಡು ಚಮಚ ನೀರು, ಹೊಟ್ಟೆಯುಬ್ಬರಕ್ಕೆಂದು ತೇಯ್ದ ಬಜೆ, ಹುಟ್ಟಿದ ದಿನ ನೆಕ್ಕಿಸಿದ ಜೇನು ಇವೂ ಹೊರಬೀಳಬಹುದು. ತಾಯಿ ಸುಳ್ಳಾಡಿದವಳಲ್ಲ, ಅವಳ ಎಣಿಕೆಯಲ್ಲಿ ನೀರು ಆಹಾರವೇ ಅಲ್ಲ. ಆದರೆ ಸಂಶೋಧಕನು ಈ ಶಿಶುವನ್ನು ಯಾವ ವರ್ಗಕ್ಕೆ ಸೇರಿಸಬೇಕು?

ಅಳತೆಯ ಮಾನವನ್ನು ತಿಳಿಸದ ಅಂಕೆಗೆ ಅರ್ಥವಿಲ್ಲವೆಂಬುದು ಭೌತವಿಜ್ಞಾನದ ಮೊದಲ ಪಾಠ. 40 ಡಿಗ್ರಿ ಎಂಬುದು ಸೆಲ್ಸಿಯಸ್ ಮಾನದಲ್ಲಿ ಸುಡುಬೇಸಗೆ, ಫ್ಯಾರನ್‌ಹೀಟ್ ಮಾನದಲ್ಲಿ ಕೊರೆಯುವ ಚಳಿ. ‘ಸ್ತನ್ಯಪಾನ’ ಎಂಬ ಪದವೂ ಬಹುಕಾಲ ಹೀಗೆಯೇ ಇದ್ದಿತು. ದಿನಕ್ಕೊಮ್ಮೆ ಮೊಲೆಯುಣ್ಣುವ ಶಿಶುವೂ, ಬೇರೇನನ್ನೂ ಅರಿಯದ ಶಿಶುವೂ ಒಂದೇ ಪಟ್ಟಿಯಲ್ಲಿ ಸೇರಿದರೆ ಎದೆಹಾಲಿನ ನಿಜವಾದ ಪ್ರಯೋಜನವು ಮಸುಕಾಗುತ್ತದೆ.

ಈ ಗೊಂದಲವನ್ನು ನೀಗಲೆಂದು ಲಾಬಕ್ ಮತ್ತು ಕ್ರಾಸೊವೆಕ್ ಎಂಬ ಸಂಶೋಧಕಿಯರು 1990ರಲ್ಲಿ ಒಂದು ವರ್ಗೀಕರಣವನ್ನು ಮಂಡಿಸಿದರು. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆಯು ತನ್ನ ವ್ಯಾಖ್ಯೆಗಳನ್ನು ಪ್ರಕಟಿಸಿತು. ಅದರಂತೆ ‘ಕೇವಲ ಸ್ತನ್ಯಪಾನ’ದಲ್ಲಿ ಎದೆಹಾಲಿನ ಹೊರತು ನೀರಿಗೂ ಎಡೆಯಿಲ್ಲ, ಔಷಧ, ಜೀವಸತ್ತ್ವ ಮತ್ತು ಲವಣಗಳ ಹನಿ ಅಥವಾ ಪಾನಕಗಳಿಗೆ ಮಾತ್ರ ವಿನಾಯಿತಿ. ಹಿಂಡಿ ತೆಗೆದು ಕುಡಿಸಿದ ಎದೆಹಾಲೂ ಇದರಲ್ಲಿಯೇ ಸೇರುತ್ತದೆ. ನೀರು, ಹಣ್ಣಿನ ರಸ, ಸಂಪ್ರದಾಯದ ದ್ರವಗಳು ಅಲ್ಪವಾಗಿ ಸೇರಿದರೆ ಅದು ‘ಪ್ರಧಾನ ಸ್ತನ್ಯಪಾನ’. ನಮ್ಮ ಕೂಸು ನೀರು ಕುಡಿದ ಕಾರಣ ಎರಡನೆಯ ವರ್ಗಕ್ಕೆ ಸಲ್ಲುತ್ತದೆ.

ಇನ್ನು ಕಾಲದ ಪ್ರಶ್ನೆ. ದೊಡ್ಡ ಸಮೀಕ್ಷೆಗಳು ಕೇಳುವುದು ಹಿಂದಿನ ಒಂದು ದಿನದ ಆಹಾರವನ್ನು. ನೆನಪು ತಪ್ಪದಿರಲು ಇದು ಒಳ್ಳೆಯ ಉಪಾಯವೇ ಸರಿ. ಆದರೆ ಕ್ಷಣದ ವೇಗವನ್ನು ನೋಡಿ ಇಡೀ ಪ್ರಯಾಣವನ್ನು ಹೇಳಲಾಗದು. ನೂರು ಶಿಶುಗಳಿಗೆ ಹತ್ತು ದಿನಕ್ಕೊಮ್ಮೆ, ಬೇರೆ ಬೇರೆ ದಿನಗಳಲ್ಲಿ, ನೀರು ಕೊಡುತ್ತಾರೆಂದು ಊಹಿಸೋಣ. ಯಾವುದೇ ಒಂದು ದಿನ ನೀರು ಕುಡಿದವು ಸುಮಾರು 10. ಉಳಿದ 90 ಶಿಶುಗಳು ‘ಕೇವಲ ಸ್ತನ್ಯಪಾನ’ದವೆಂದು ದಾಖಲಾಗುತ್ತವೆ. ಹುಟ್ಟಿದಂದಿನಿಂದ ಎಣಿಸಿದರೆ ಅಂಥದು ಒಂದೂ ಇಲ್ಲ!

ಮತ್ತೊಂದು ಎಚ್ಚರಿಕೆಯೂ ಬೇಕು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ ಆರು ತಿಂಗಳೊಳಗಿನ ಶಿಶುಗಳಲ್ಲಿ ಕೇವಲ ಎದೆಹಾಲುಣ್ಣುವವು 2015-16ರಲ್ಲಿ ಶೇಕಡಾ 54.9, 2019-21ರಲ್ಲಿ ಶೇಕಡಾ 63.7. ಇಷ್ಟು ಮಕ್ಕಳು ಆರು ತಿಂಗಳು ಪೂರ್ತಿ ಹಾಗೆಯೇ ಬೆಳೆದರೆಂದು ಇದರ ಅರ್ಥವಲ್ಲ. ತಾಯಂದಿರೆಲ್ಲರೂ ಮೂರು ತಿಂಗಳು ತುಂಬಿದೊಡನೆ ನೀರು ಆರಂಭಿಸುವ ಊರನ್ನು ಕಲ್ಪಿಸಿರಿ. ಎಲ್ಲ ವಯಸ್ಸಿನ ಶಿಶುಗಳೂ ಸಮಸಂಖ್ಯೆಯಲ್ಲಿದ್ದರೆ ಅಲ್ಲಿನ ಅಂಕೆ ಶೇಕಡಾ 50 ಆಗುವುದು. ಆರು ತಿಂಗಳನ್ನು ಮುಟ್ಟಿದ ಶಿಶು ಮಾತ್ರ ಒಂದೂ ಇರದು.

ಇದು ಪದಗಳ ಮೇಲಿನ ಬರಿಯ ಜಗಳವಲ್ಲ. ಎದೆಹಾಲಿನ ಸುಮಾರು ಶೇಕಡಾ 88 ಭಾಗ ನೀರೇ. ಎರೆನೆಲದ ಬಿರುಬೇಸಗೆಯಲ್ಲಿಯೂ, ಬೇಕೆನಿಸಿದಾಗಲೆಲ್ಲ ಮೊಲೆಯುಣ್ಣುವ ಆರೋಗ್ಯವಂತ ಶಿಶುವಿಗೆ ಬೇರೆ ನೀರು ಬೇಡ. ಹೊರಗಿನ ನೀರು ಪುಟ್ಟ ಹೊಟ್ಟೆಯನ್ನು ತುಂಬಿ ಹಾಲನ್ನು ಕುಗ್ಗಿಸುತ್ತದೆ. ಅಶುದ್ಧವಾಗಿದ್ದರೆ ಅತಿಸಾರವನ್ನು ತರುತ್ತದೆ. ಜೇನಿನಲ್ಲಿರಬಹುದಾದ ಬಾಟುಲಿಸಂ ರೋಗದ ಬೀಜಾಣುಗಳ ಭಯದಿಂದ ಒಂದು ವರ್ಷದವರೆಗೆ ಅದನ್ನು ಕೊಡಬಾರದೆಂದು ವೈದ್ಯರು ಹೇಳುತ್ತಾರೆ. ಇವೆಲ್ಲ ‘ಬರೇ ಎದಿಹಾಲು’ ಎಂಬ ಮಾತಿನ ಮರೆಯಲ್ಲಿ ಅಡಗಿದರೆ, ರೋಗದ ಕಾರಣವೂ ಅಡಗಿಹೋಗುತ್ತದೆ.

ಆದ್ದರಿಂದ “ಎದೆಹಾಲು ಕೊಡುತ್ತೀಯಾ?” ಎಂದು ಕೇಳಿದರೆ ಸಾಲದು. “ನಿನ್ನೆ ನೀರು ಕೊಟ್ಟೆಯಾ? ಬಜೆ? ಜೇನು? ಆಕಳ ಹಾಲು?” ಎಂದು ಒಂದೊಂದನ್ನೂ ಹೆಸರಿಟ್ಟು, ಆಕ್ಷೇಪಣೆಯ ದನಿಯಿಲ್ಲದೆ ಕೇಳಬೇಕು. ಹಾಗೆ ಕೇಳಿದಾಗ ತಾಯಿಯು ನಿಜವನ್ನೇ ಹೇಳುವಳು.